ಹಳೆ ಕಾರಿನ ಖರ್ಚು ಯಾರ ಕೈ ಸೇರುತ್ತದೆ?

(ತುಮಕೂರಿನಲ್ಲಿ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ಸಭೆಯಿಂದ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಹಳೆ ಕಾರು ಅಂದ ಕೂಡಲೇ ನಮ್ಮ ಕಡೆ ಎರಡು ಮಾತು ಕೇಳಿಬರುತ್ತವೆ. ಒಂದು, ‘ಸುಮ್ನೆ ಅದಕ್ಕೆ ದುಡ್ಡು ಸುರೀತಾ ಇದ್ದೀರಾ’. ಇನ್ನೊಂದು, ‘ಹಳೇದೇ ಗಟ್ಟಿ, ಈಗಿನದೆಲ್ಲ ಬರೀ ತಗಡು’. ಎರಡೂ ಲೆಕ್ಕ ಹಾಕದೆ ಆಡುವ ಮಾತುಗಳು. ಇವತ್ತು ಲೆಕ್ಕ ಹಾಕೋಣ. ಲೆಕ್ಕಕ್ಕೆ ಸಿಗದ ಒಂದೆರಡು ವಿಷಯವನ್ನೂ ಹೇಳುತ್ತೇನೆ.

ನನ್ನ ಬಳಿ ಇರುವುದು 2003ರ ಮಾರುತಿ ಝೆನ್. ನಂಬರು ಕೆಎ-06, ಅಂದರೆ ನಮ್ಮ ತುಮಕೂರಿನದೇ. 993 ಸಿಸಿ ಪೆಟ್ರೋಲ್ ಎಂಜಿನ್. ಗುಬ್ಬಿ ಕಡೆಯ ಅಡಿಕೆ ವ್ಯಾಪಾರಿಯೊಬ್ಬರಿಂದ ಕೊಂಡಿದ್ದು. ಈ ಮಾದರಿಯ ಕಾರು 1993ರಲ್ಲಿ ಬಂತು, 2006ರಲ್ಲಿ ನಿಂತುಹೋಯಿತು. ಆದರೂ ಇವತ್ತಿಗೂ ಸಾಮಾನು ಸಿಗುತ್ತದೆ, ಕೈ ಹಾಕಿ ರಿಪೇರಿ ಮಾಡುವವರು ಸಿಗುತ್ತಾರೆ. ಹಳೆ ಕಾರು ಇಟ್ಟುಕೊಳ್ಳುವವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಬೇರೆ ಇಲ್ಲ.

ಮೊದಲು ಹೊಸ ಕಾರಿನ ಲೆಕ್ಕ. ಬೆಲೆ 7 ಲಕ್ಷ ಅಂತ ಇಟ್ಟುಕೊಳ್ಳಿ. ಕರ್ನಾಟಕದಲ್ಲಿ 5ರಿಂದ 10 ಲಕ್ಷದ ಒಳಗಿನ ಕಾರಿಗೆ ಲೈಫ್ ಟ್ಯಾಕ್ಸ್ ಶೇ. 14, ಅದರ ಮೇಲೆ ಸೆಸ್. ಅಲ್ಲಿಗೇ ಒಂದು ಲಕ್ಷ ದಾಟಿತು. 7 ಲಕ್ಷವನ್ನು ಶೇ. 9ರ ಬಡ್ಡಿಗೆ 5 ವರ್ಷದ ಸಾಲವಾಗಿ ತಗೊಂಡರೆ ತಿಂಗಳ ಕಂತು ಸುಮಾರು 14,530 ರೂಪಾಯಿ. ಸಾಲ ತೀರುವಷ್ಟರಲ್ಲಿ 8.72 ಲಕ್ಷ ಕಟ್ಟಿರುತ್ತೀರಿ. ಅದರಲ್ಲಿ 1.72 ಲಕ್ಷ ಬರೀ ಬಡ್ಡಿ. ಇತ್ತ ವಿಮೆಯ ಲೆಕ್ಕದಲ್ಲಿ ನಾಲ್ಕು ವರ್ಷ ದಾಟಿ ಐದರೊಳಗಿರುವ ಕಾರಿಗೆ ಶೇ. 50ರಷ್ಟು ಸವಕಳಿ. ಅಂದರೆ ಕೊನೆಯ ಕಂತು ಕಟ್ಟುವ ಹೊತ್ತಿಗೆ ಅರ್ಧ ಬೆಲೆ ಕರಗಿರುತ್ತದೆ. ಯಾವ ರಿಪೇರಿಯೂ ಇಲ್ಲದೆ, ಯಾರ ಕೈಗೂ ಎಣ್ಣೆ ಅಂಟದೆ ಹೋದ ದುಡ್ಡು ಅದು.

ಈಗ ನನ್ನ ಕಾರು. ಸವಕಳಿ ಅನ್ನುವುದು ಇನ್ನೇನೂ ಉಳಿದಿಲ್ಲ. 1000 ಸಿಸಿ ಒಳಗಿನ ಕಾರಿಗೆ ಥರ್ಡ್ ಪಾರ್ಟಿ ವಿಮೆಯ ಕಂತು 2,094 ರೂಪಾಯಿ, 2022ರ ಜೂನ್‌ನಲ್ಲಿ ನಿಗದಿಯಾದ ದರ. ತೆರಿಗೆ ಸೇರಿಸಿದರೆ ಎರಡೂವರೆ ಸಾವಿರದ ಆಸುಪಾಸು. ವರ್ಷಕ್ಕೊಮ್ಮೆ ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಬೇಕಾದರೆ ಪ್ಲಗ್. ಎಮಿಷನ್ ಟೆಸ್ಟ್. ಇಷ್ಟು ಗೊತ್ತಿರುವ ಖರ್ಚು.

ಗೊತ್ತಿಲ್ಲದ ಖರ್ಚೇ ಜನರನ್ನು ಹೆದರಿಸುವುದು. ಹಳೆ ಕಾರಿನ ಖರ್ಚು ಹೇಳಿ ಕೇಳಿ ಬರುವುದಿಲ್ಲ. ಎಂಟು ತಿಂಗಳು ಏನೂ ಇರುವುದಿಲ್ಲ. ಆಮೇಲೆ ಒಂದೇ ತಿಂಗಳಲ್ಲಿ ಕ್ಲಚ್ ಪ್ಲೇಟೂ ಹೋಗುತ್ತದೆ, ಬ್ಯಾಟರಿಯೂ ಕೂರುತ್ತದೆ. ಆ ತಿಂಗಳೇ ಮಗಳ ಕಾಲೇಜು ಫೀಸು ಬಂದಿರುತ್ತದೆ. ಜನ ಹಳೆ ಕಾರು ಮಾರುವುದು ಇಂಥ ತಿಂಗಳಲ್ಲೇ, ಅದೂ ಸಿಕ್ಕ ಬೆಲೆಗೆ. ನಾನು ಮಾಡುವುದು ಇಷ್ಟೇ: ಕಾರಿಗೆ ಅಂತಲೇ ಬೇರೆ ಬ್ಯಾಂಕ್ ಖಾತೆ, ಅದಕ್ಕೆ ತಿಂಗಳಿಗೆ 2,500 ರೂಪಾಯಿ. ಗಾಡಿ ಚೆನ್ನಾಗಿ ಓಡುತ್ತಿರುವ ತಿಂಗಳಲ್ಲೂ ಹಾಕಬೇಕು. ವರ್ಷಕ್ಕೆ 30 ಸಾವಿರ ಆಯಿತು. ಹೊಸ ಕಾರಿನ ಎರಡು ಕಂತಿನಷ್ಟು ದುಡ್ಡು. ಅದರಲ್ಲಿ ಟೈರು, ಕ್ಲಚ್ಚು, ಸಸ್ಪೆನ್ಷನ್ ಎಲ್ಲ ಸರದಿಯ ಮೇಲೆ ಆಗುತ್ತವೆ. ಕೆಲವು ವರ್ಷ ಉಳಿಯುತ್ತದೆ, ಕೆಲವು ವರ್ಷ ಸಾಲದೆ ಬರುತ್ತದೆ.

ಕಾನೂನಿನ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಇಲ್ಲಿ ಗೊಂದಲ ಜಾಸ್ತಿ. ‘15 ವರ್ಷ ಆಯ್ತು, ಇನ್ನು ಗುಜರಿಗೇ’ ಅಂತ ಹೇಳುತ್ತಾರಲ್ಲ, ಡೀಸೆಲ್‌ಗೆ 10, ಪೆಟ್ರೋಲ್‌ಗೆ 15 ವರ್ಷದ ಆ ಮಿತಿ ದೆಹಲಿ ಸುತ್ತಮುತ್ತಲ ವಿಚಾರ. ನಮ್ಮಲ್ಲಿ ಸ್ವಂತ ಬಳಕೆಯ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಗಾಡಿ ತೋರಿಸಿ, ಶುಲ್ಕ ಮತ್ತು ಹಸಿರು ತೆರಿಗೆ ಕಟ್ಟಿ, 5 ವರ್ಷಕ್ಕೊಮ್ಮೆ ನವೀಕರಿಸಿಕೊಳ್ಳಬಹುದು. ಶುಲ್ಕ ಮೊದಲು 600 ರೂಪಾಯಿ ಇತ್ತು. 2022ರ ಏಪ್ರಿಲ್‌ನಿಂದ 5,000 ಆಯಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರಿಗೆ 10,000 ಮಾಡಿದರು. ಇದು ಸಣ್ಣ ಮೊತ್ತವಲ್ಲ. ಆದರೆ 5 ವರ್ಷಕ್ಕೆ ಹಂಚಿದರೆ ವರ್ಷಕ್ಕೆ 2,000.

ಈಗ ನನಗೆ ತುಂಬಾ ಇಷ್ಟವಾದ ವಿಷಯಕ್ಕೆ ಬರುತ್ತೇನೆ. ನೀರು.

ತುಮಕೂರು ಜಿಲ್ಲೆಯಲ್ಲಿ ನೀರಿನ ಕಷ್ಟ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಪಾವಗಡ, ಶಿರಾ, ಮಧುಗಿರಿ ಕಡೆ ಬೋರ್ ನೀರು ಎಷ್ಟು ಗಡಸು ಅಂತ ಅಲ್ಲಿನ ಮನೆಗಳ ಗೀಸರ್ ಕಾಯಿಲ್ ಬಿಚ್ಚಿದರೆ ಗೊತ್ತಾಗುತ್ತದೆ. ನಗರಕ್ಕೆ ಬುಗುಡನಹಳ್ಳಿ ಕೆರೆಯಿಂದ ಹೇಮಾವತಿ ನೀರು ಬರುತ್ತದೆ. ಆದರೆ ಕಾರಿನ ರೇಡಿಯೇಟರಿಗೆ, ಅಂದರೆ ಎಂಜಿನ್ನಿನಿಂದ ಬರುವ ಬಿಸಿನೀರನ್ನು ತಣ್ಣಗೆ ಮಾಡುವ ಭಾಗಕ್ಕೆ, ನಾವು ಸುರಿಯುವುದು ಕೈಗೆ ಸಿಕ್ಕ ನೀರು. ಹೆದ್ದಾರಿ ಪಕ್ಕದ ಹೋಟೆಲಿನ ನಲ್ಲಿಯದು, ತೋಟದ ಪಂಪ್‌ಸೆಟ್ಟಿನದು, ಹೆಚ್ಚಿನ ಸಲ ಬೋರಿನದೇ. ಆ ನೀರಿನಲ್ಲಿರುವ ಸುಣ್ಣದ ಅಂಶ ಬಿಸಿಗೆ ಬೇರ್ಪಟ್ಟು ಕೊಳವೆಗಳ ಒಳಗೋಡೆಗೆ ಹಿಡಿಯುತ್ತದೆ. ರೇಡಿಯೇಟರಿನ ಕೊಳವೆ ಚಪ್ಪಟೆ, ಒಳಗಿನ ಸಂದು ತೀರಾ ಕಿರಿದು. ಮುಚ್ಚಿಕೊಳ್ಳಲು ಎಷ್ಟು ಹೊತ್ತು?

ನಾನು ಕೊಂಡಾಗ ಈ ಕಾರು ಊರೊಳಗೆ ಚೆನ್ನಾಗಿಯೇ ಇತ್ತು. ಏರು ಹತ್ತಿದರೆ ಬಿಸಿಯಾಗುತ್ತಿತ್ತು. ಬಿ.ಎಚ್. ರಸ್ತೆಯ ಕಡೆ ರೇಡಿಯೇಟರ್ ಕೆಲಸ ಮಾಡುವ ಹಿರಿಯರೊಬ್ಬರಿದ್ದಾರೆ. ಎಲ್ಲರೂ ಸಾಬ್ರೇ ಅಂತ ಕರೆಯುತ್ತಾರೆ. ಹಿಂದಿನ ಮಾಲೀಕರು ಹಾಕಿಸಿದ್ದ ತಾಮ್ರ-ಹಿತ್ತಾಳೆಯ ರೇಡಿಯೇಟರನ್ನು ಬಿಚ್ಚಿ ಅವರ ಮುಂದೆ ಇಟ್ಟೆ. ಅವರು ಗ್ಯಾಸ್ ಬೆಂಕಿಯನ್ನು ಮೇಲಿನ ತೊಟ್ಟಿಯ ಅಂಚಿನುದ್ದಕ್ಕೂ ಆಡಿಸಿದರು. ಬೆಸುಗೆ ಕರಗಿತು, ತೊಟ್ಟಿ ಮುಚ್ಚಳದ ಹಾಗೆ ಕೈಗೆ ಬಂತು. ಒಳಗೆ ಸಾಲು ಸಾಲು ಕೊಳವೆ ಬಾಯಿಗಳು, ಅರ್ಧಕ್ಕರ್ಧ ಬೆಳ್ಳಗೆ ಮುಚ್ಚಿದ್ದವು. ‘ನೋಡಿ ಮೇಷ್ಟ್ರೇ, ಇದು ತುಕ್ಕಲ್ಲ, ಕಲ್ಲು. ಬೋರ್‌ವೆಲ್ಲೇ ಬಂದು ಒಳಗೆ ಕೂತಿದೆ’ ಅಂದರು.

ಆಮೇಲೆ ತೆಳುವಾದ ಉಕ್ಕಿನ ಪಟ್ಟಿ ತಗೊಂಡು ಒಂದೊಂದೇ ಕೊಳವೆಗೆ ತೂರಿಸತೊಡಗಿದರು. ಬಲ ಹಾಕುವ ಹಾಗಿಲ್ಲ, ಹಾಕಿದರೆ ಕೊಳವೆ ಹರಿಯುತ್ತದೆ. ಪಟ್ಟಿ ಎಲ್ಲಿ ತಡೆಯುತ್ತದೋ ಅಲ್ಲಿ ನಿಲ್ಲಿಸಿ, ಸ್ವಲ್ಪ ಹಿಂದಕ್ಕೆಳೆದು, ಮತ್ತೆ ಮೆಲ್ಲಗೆ ಮುಂದಕ್ಕೆ. ಕೆಳಗೆ ಹಾಸಿದ್ದ ಪೇಪರಿನ ಮೇಲೆ ಬೂದುಬಣ್ಣದ ಪುಡಿ ಬೀಳುತ್ತಾ ಹೋಯಿತು. ಎಲ್ಲ ಮುಗಿದ ಮೇಲೆ ತೊಟ್ಟಿಯನ್ನು ಮತ್ತೆ ಬೆಸೆದರು. ಬಾಯಿಗಳಿಗೆ ಬಿರಡೆ ಹಾಕಿ, ಒಳಗೆ ಗಾಳಿ ತುಂಬಿಸಿ, ಸಿಮೆಂಟ್ ತೊಟ್ಟಿಯ ನೀರಿನಲ್ಲಿ ಮುಳುಗಿಸಿದರು. ಒಂದು ಮೂಲೆಯಿಂದ ಸಣ್ಣ ಗುಳ್ಳೆಗಳು ಬಂದವು. ಎತ್ತಿ, ಒರೆಸಿ, ಅಲ್ಲಿಗೊಂದು ಹನಿ ಬೆಸುಗೆ. ಮತ್ತೆ ಮುಳುಗಿಸಿದಾಗ ಗುಳ್ಳೆ ಇಲ್ಲ. ಹೊಸ ರೇಡಿಯೇಟರಿನ ಬೆಲೆಯಲ್ಲಿ ಅರ್ಧವೂ ಆಗಲಿಲ್ಲ.

ಈಗಿನ ಹೆಚ್ಚಿನ ಕಾರುಗಳಲ್ಲಿ ಅಲ್ಯೂಮಿನಿಯಂ ಕೋರ್, ಪ್ಲಾಸ್ಟಿಕ್ ತೊಟ್ಟಿ. ಹಗುರ, ಅಗ್ಗ, ಕೆಲಸವನ್ನೂ ಚೆನ್ನಾಗಿ ಮಾಡುತ್ತವೆ. ಆದರೆ ಹೀಗೆ ಬೆಂಕಿ ತೋರಿಸಿ ಬಿಚ್ಚಲು ಬರುವುದಿಲ್ಲ. ಪ್ಲಾಸ್ಟಿಕ್ ತೊಟ್ಟಿ ಸೀಳಿದರೆ ಸಾಮಾನ್ಯವಾಗಿ ಪೂರ್ತಿ ಬದಲಾಯಿಸುವುದೇ.

ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡಿದವನು, ಇಲ್ಲಿ ಸ್ವಲ್ಪ ಪಾಠ ಮಾಡದೆ ಬಿಡುವುದಿಲ್ಲ. ಸಮುದ್ರ ಮಟ್ಟದಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ನಮ್ಮೂರು ಅದಕ್ಕಿಂತ ಸುಮಾರು 800 ಮೀಟರ್ ಎತ್ತರದಲ್ಲಿದೆ, ಇಲ್ಲಿ 97ರ ಆಸುಪಾಸಿಗೇ ಕುದಿ ಬರುತ್ತದೆ. ದೇವರಾಯನದುರ್ಗದ ಬೆಟ್ಟ ಹತ್ತಿದರೆ ಇನ್ನೂ ಕಮ್ಮಿ. ಏರಿನಲ್ಲಿ ಎಂಜಿನ್ ಬಿಸಿ ಜಾಸ್ತಿ, ನೀರು ಕುದಿಯುವ ಮಟ್ಟ ಕಮ್ಮಿ. ಹಾಗಾದರೆ ಕಾರುಗಳು ಹೇಗೆ ಹತ್ತುತ್ತವೆ? ರೇಡಿಯೇಟರ್ ಕ್ಯಾಪಿನಿಂದ. ಅದರ ಮೇಲೆ 0.9 ಅಂತಲೋ 1.1 ಅಂತಲೋ ಬರೆದಿರುತ್ತದೆ, ನೋಡಿ. ಹೊರಗಿನ ಗಾಳಿಯ ಒತ್ತಡದ ಮೇಲೆ ಅಷ್ಟು ಹೆಚ್ಚುವರಿ ಒತ್ತಡವನ್ನು ಕ್ಯಾಪು ಒಳಗೆ ಹಿಡಿದಿಡುತ್ತದೆ. 0.9ರ ಒತ್ತಡದಲ್ಲಿ ನಮ್ಮೂರಲ್ಲೂ ನೀರು ಕುದಿಯಬೇಕಾದರೆ 115 ಡಿಗ್ರಿ ದಾಟಬೇಕು. ಆ ಕ್ಯಾಪಿನ ರಬ್ಬರ್ ವಾಷರ್ ಒಣಗಿ ಬಿರುಕು ಬಿಟ್ಟರೆ ಈ ಲಾಭ ಪೂರ್ತಿ ಹೋಯಿತು. ಕೆಲವೇ ನೂರು ರೂಪಾಯಿಯ ಸಾಮಾನು. ಅದನ್ನು ನೋಡದೆ ಬಿಟ್ಟರೆ ಎಂಜಿನ್ನಿನ ಮೇಲ್ಭಾಗವಾದ ಅಲ್ಯೂಮಿನಿಯಂ ಹೆಡ್ ಬಾಗಿ, ಅದರ ಕೆಳಗಿನ ಹೆಡ್ ಗ್ಯಾಸ್ಕೆಟ್ ಹೋಗಿ, ಖರ್ಚು ಹತ್ತಾರು ಸಾವಿರಕ್ಕೆ ಹೋಗುತ್ತದೆ. ಮತ್ತೆ, ದಯವಿಟ್ಟು, ಎಂಜಿನ್ ಬಿಸಿ ಇರುವಾಗ ಆ ಕ್ಯಾಪು ಬಿಚ್ಚಬೇಡಿ. ಒತ್ತಡ ಬಿಟ್ಟ ಕೂಡಲೇ ನೀರು ಕುದಿದು ಮುಖಕ್ಕೆ ಎರಚುತ್ತದೆ.

‘ನಮ್ಮಲ್ಲಿ ಹಿಮ ಬೀಳಲ್ಲ, ಕೂಲಂಟ್ ಯಾಕೆ?’ ಅಂತ ಕೇಳುವವರಿದ್ದಾರೆ. ಹಿಮಕ್ಕಲ್ಲ. ರೇಡಿಯೇಟರಿನ ನೀರಿಗೆ ಬೆರೆಸುವ ಈ ಕೂಲಂಟ್ ದ್ರವ ಕುದಿಯುವ ಮಟ್ಟವನ್ನು ಇನ್ನಷ್ಟು ಏರಿಸುತ್ತದೆ, ತುಕ್ಕು ತಡೆಯುತ್ತದೆ. ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್ ಜೊತೆ ಬೆರೆಸಿ ಹಾಕಿ. ಸುಣ್ಣದ ಕಾಟ ಅಲ್ಲಿಗೆ ಮುಗಿಯುತ್ತದೆ.

ಇನ್ನೊಂದು ಅಭ್ಯಾಸ ನನಗೆ ತುಂಬಾ ಬೇಜಾರು ತರಿಸುತ್ತದೆ. ಗಾಡಿ ಬಿಸಿಯಾಗುತ್ತದೆ ಅಂದರೆ ಥರ್ಮೋಸ್ಟಾಟ್ ವಾಲ್ವನ್ನೇ ಕಿತ್ತು ಬಿಸಾಕುವುದು. ಹೀಗೆ ಕಿತ್ತು ಕಿತ್ತು ಎಷ್ಟೋ ಹಳೆ ಕಾರುಗಳಲ್ಲಿ ಈ ವಾಲ್ವೇ ಉಳಿದಿಲ್ಲ. ವಾಲ್ವು ಇರುವುದು ಎಂಜಿನ್ ಬೇಗ ಹದವಾದ ಬಿಸಿಗೆ ಬರಲಿ ಅಂತ. ಅದು ಇಲ್ಲದಿದ್ದರೆ ಎಂಜಿನ್ ತಣ್ಣಗೇ ಓಡುತ್ತದೆ. ಎಂಪಿಎಫ್‌ಐ ಗಾಡಿಯಾದರೆ, ಅಂದರೆ ಪೆಟ್ರೋಲ್ ಎಷ್ಟು ಕೊಡಬೇಕು ಅಂತ ಕಂಪ್ಯೂಟರೇ ತೀರ್ಮಾನಿಸುವ ಗಾಡಿಯಾದರೆ, ಅದು ‘ಇನ್ನೂ ತಣ್ಣಗಿದೆ’ ಅಂತ ಪೆಟ್ರೋಲ್ ಜಾಸ್ತಿ ಕೊಡುತ್ತಲೇ ಇರುತ್ತದೆ. ಮೈಲೇಜ್ ಬೀಳುತ್ತದೆ, ಆಯಿಲ್ ಬೇಗ ಕೆಡುತ್ತದೆ. ಹೊಸ ವಾಲ್ವ್ ತಂದರೆ ಹಾಕಿಸುವ ಮೊದಲು ಮನೆಯಲ್ಲೇ ನೋಡಬಹುದು. ಪಾತ್ರೆಯಲ್ಲಿ ನೀರಿಟ್ಟು, ದಾರ ಕಟ್ಟಿ ವಾಲ್ವನ್ನು ಇಳಿಬಿಡಿ, ಒಲೆ ಹಚ್ಚಿ. ನೀರು ಕುದಿಯುವುದಕ್ಕೆ ಮುಂಚೆಯೇ, 82 ಡಿಗ್ರಿಯ ವಾಲ್ವಾದರೆ ಅದರ ಆಸುಪಾಸಿನಲ್ಲಿ, ಮಧ್ಯದ ತಟ್ಟೆ ನಿಧಾನಕ್ಕೆ ಏಳುತ್ತದೆ. ಒಳಗಿರುವ ಮೇಣ ಕರಗಿ ಹಿಗ್ಗಿ ಅದನ್ನು ತಳ್ಳುತ್ತದೆ. ಕರೆಂಟಿಲ್ಲ, ವೈರಿಲ್ಲ, ಬರೀ ಮೇಣ. ನಮ್ಮ ಅಡುಗೆಮನೆಯಲ್ಲಿ ಇದನ್ನು ಮಾಡಿದಾಗ ಮನೆಯವರೆಲ್ಲ ಸುತ್ತ ನಿಂತು ನೋಡಿದರು. ಹಳೆ ಕಾರು ಕೊಡುವ ತೃಪ್ತಿ ಯಾವುದು ಅಂತ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ನಾವು ಓಡಿಸುವ ವಸ್ತು ಹೇಗೆ ಕೆಲಸ ಮಾಡುತ್ತದೆ ಅಂತ ಕಣ್ಣಾರೆ ನೋಡುವ ಖುಷಿ.

ರೇಡಿಯೇಟರು, ಕ್ಯಾಪು, ವಾಲ್ವು, ಕೂಲಂಟ್ ಎಲ್ಲ ಆದ ಮೇಲೆ ದೇವರಾಯನದುರ್ಗಕ್ಕೆ ಹೋದೆವು, ನಾಲ್ಕು ಜನ, ಬೇಸಿಗೆ ಮಧ್ಯಾಹ್ನ. ಟೆಂಪರೇಚರ್ ಮುಳ್ಳು ಅರ್ಧ ದಾಟಲಿಲ್ಲ.

ನೀರಾದ ಮೇಲೆ ರಬ್ಬರು. ಹಳೆ ಕಾರಿನಲ್ಲಿ ಕಬ್ಬಿಣಕ್ಕಿಂತ ಮೊದಲು ಸೋಲುವುದು ರಬ್ಬರ್. ಓಡಿಸಿದರೂ ಸೋಲುತ್ತದೆ, ಶೆಡ್ಡಿನಲ್ಲಿ ನಿಲ್ಲಿಸಿದರೂ ಸೋಲುತ್ತದೆ. ಮುಂದಿನ ಚಕ್ರದ ಹತ್ತಿರ ಆಕ್ಸಲ್ ಬೂಟ್ ಅಂತ ಇರುತ್ತದೆ, ಮಡಿಕೆ ಮಡಿಕೆಯಾದ ರಬ್ಬರ್ ಚೀಲ. ಅದು ಹರಿದರೆ ಒಳಗಿನ ಗ್ರೀಸ್ ಹೊರಗೆ, ಹೊರಗಿನ ಧೂಳು ಒಳಗೆ. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಟಕಟಕ ಸದ್ದು ಬಂದರೆ ಆಗಲೇ ತಡವಾಗಿದೆ ಅಂತ ಅರ್ಥ. ಬೂಟಿಗೆ ನೂರುಗಳಲ್ಲಿ ಖರ್ಚು, ಅದರೊಳಗಿನ ಜಾಯಿಂಟಿಗೆ ಸಾವಿರಗಳಲ್ಲಿ. ಎಂಜಿನ್ನಿನೊಳಗಿನ ವಾಲ್ವುಗಳನ್ನು ಪಿಸ್ಟನ್ ಜೊತೆ ಹೊಂದಿಸಿ ಓಡಿಸುವ ಟೈಮಿಂಗ್ ಬೆಲ್ಟೂ ಹಾಗೆಯೇ. ಕಂಪನಿ ಪುಸ್ತಕದಲ್ಲಿ ಹೇಳಿದಷ್ಟು ಕಿಲೋಮೀಟರ್ ಆಗಿಲ್ಲ ಅಂತ ಸುಮ್ಮನಿರಬೇಡಿ, ವರ್ಷವನ್ನೂ ನೋಡಿ. ಕೆಲವು ಎಂಜಿನ್‌ಗಳಲ್ಲಿ ಬೆಲ್ಟ್ ತುಂಡಾದರೆ ವಾಲ್ವಿಗೆ ಪಿಸ್ಟನ್ ಬಡಿದು ಎಂಜಿನ್ನೇ ಬಿಚ್ಚಬೇಕಾಗುತ್ತದೆ.

ಟೈರಿನ ಬದಿಯಲ್ಲಿ ಡಿಒಟಿ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. 2319 ಅಂತಿದ್ದರೆ 2019ರ 23ನೇ ವಾರ ತಯಾರಾದ ಟೈರು. ಬಟನ್ ಎಷ್ಟೇ ಚೆನ್ನಾಗಿದ್ದರೂ ಅಷ್ಟು ಹಳೇದಾದ ಟೈರನ್ನು ಹೆದ್ದಾರಿಗೆ ನಂಬಬೇಡಿ. ಮನೆಗೆ ಹೋದ ಮೇಲೆ ನಿಮ್ಮ ಸ್ಟೆಪ್ನಿಯನ್ನೂ ಒಮ್ಮೆ ನೋಡಿ.

ಈ ಖರ್ಚೆಲ್ಲ ಯಾರ ಕೈ ಸೇರುತ್ತದೆ? ನಾನು ಇಲ್ಲಿ ನಿಂತು ಹೇಳಬೇಕು ಅಂದುಕೊಂಡಿದ್ದ ಮಾತು ಇದು. ಹೊಸ ಕಾರಿನ ದುಡ್ಡಿನಲ್ಲಿ ಹೆಚ್ಚಿನದು ಕಾರ್ಖಾನೆಗೆ, ಬ್ಯಾಂಕಿನ ಬಡ್ಡಿಗೆ, ತೆರಿಗೆಗೆ ಹೋಗುತ್ತದೆ. ಅದರಿಂದಲೂ ಜನ ಬದುಕುತ್ತಾರೆ, ಇಲ್ಲ ಅನ್ನುವುದಿಲ್ಲ. ಹಳೆ ಕಾರಿನ ದುಡ್ಡಿನಲ್ಲಿ ಬಹುಪಾಲು ನಮ್ಮೂರಲ್ಲೇ ಉಳಿಯುತ್ತದೆ. ಸಾಬ್ರಿಗೆ, ಬ್ಯಾಟರಿ ಅಂಗಡಿಯವರಿಗೆ, ಟಿಂಕರಿಂಗ್ ಮಾಡುವವರಿಗೆ, ಸೆಲ್ಫ್ ಮೋಟಾರ್ ಮತ್ತು ಡೈನಮೋ ಬಿಚ್ಚಿ ಬುಷ್ ಹಾಕುವ ಎಲೆಕ್ಟ್ರಿಷಿಯನ್‌ಗೆ, ಸೀಟಿನ ಹೊಲಿಗೆ ಹಾಕುವವರಿಗೆ. ಇಲ್ಲಿ ಸಿಗದ ಸಾಮಾನಿಗೆ ಬೆಂಗಳೂರಿನ ಜೆ.ಸಿ. ರಸ್ತೆ ಇದೆ, ಇನ್ನೂ ಸಿಗದಿದ್ದರೆ ಶಿವಾಜಿನಗರದ ಗುಜರಿ. ಬೆಳಿಗ್ಗೆ ರೈಲು ಹತ್ತಿದರೆ ಸಂಜೆಯೊಳಗೆ ಸಾಮಾನಿನ ಜೊತೆ ವಾಪಸ್.

ಇವರ ಕೈಕೆಲಸಕ್ಕೆ ನಾವು ಕೊಡುವ ಬೆಲೆ ಕಮ್ಮಿ. ಸಾಮಾನಿಗೆ ಬಿಲ್ಲು ಕೇಳಿ, ಒರಿಜಿನಲ್ಲೋ ಡೂಪ್ಲಿಕೇಟೋ ಅಂತ ವಿಚಾರಿಸಿ, ಬೆಲೆ ಮಾತಾಡಿ, ಎಲ್ಲ ಸರಿ. ಕೂಲಿಯಲ್ಲಿ ಚೌಕಾಸಿ ಮಾಡಬೇಡಿ. ಕೊಳವೆಗೆ ಪಟ್ಟಿ ತೂರಿಸುವಾಗ ಎಲ್ಲಿ ನಿಲ್ಲಿಸಬೇಕು ಅಂತ ಆ ಕೈಗೆ ಗೊತ್ತಲ್ವಾ, ಅದನ್ನು ಕಲಿಯಲು ಅವರಿಗೆ ಎಷ್ಟೋ ವರ್ಷ ಹಿಡಿದಿದೆ. ಅಂಗಡಿಯಲ್ಲಿ ಅವರ ಹಿಂದೆ ಕಲಿಯುವ ಹುಡುಗರು ಈಗಿಲ್ಲ. ಕೆಲಸ ಬಂದರೆ ತಾನೇ ಹುಡುಗರು ಬರುವುದು? ನಾವು ಗಾಡಿ ತಗೊಂಡು ಹೋದರೆ ತಾನೇ ಕೆಲಸ ಬರುವುದು?

ಇಷ್ಟೆಲ್ಲ ಹೇಳಿದ ಮೇಲೆ ಹಳೆ ಕಾರು ಎಲ್ಲಿ ಸೋಲುತ್ತದೆ ಅಂತಲೂ ಹೇಳಲೇಬೇಕು. ಸುರಕ್ಷತೆಯಲ್ಲಿ ಸೋಲುತ್ತದೆ. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಕಡ್ಡಾಯ, ಅದೇ ಜುಲೈನಿಂದ ಡ್ರೈವರ್ ಏರ್‌ಬ್ಯಾಗ್ ಕಡ್ಡಾಯ, ಆಮೇಲೆ ಪಕ್ಕದ ಸೀಟಿಗೂ ಬಂತು. ನನ್ನ ಕಾರಿನಲ್ಲಿ ಇವು ಯಾವುವೂ ಇಲ್ಲ. ಎಷ್ಟು ಖರ್ಚು ಮಾಡಿದರೂ ಹಾಕಿಸಲು ಆಗುವುದಿಲ್ಲ. ಹಾಗಾಗಿ ನಮ್ಮ ಮನೆಯಲ್ಲಿ ಒಂದು ಕಟ್ಟುಪಾಡು ಇದೆ. ಊರೊಳಗೆ, ಗುಬ್ಬಿ, ಕೊರಟಗೆರೆ ಕಡೆಗೆ ಹಗಲು ಹೊತ್ತು ಈ ಕಾರು. ರಾತ್ರಿ ಹೊತ್ತು ಬೆಂಗಳೂರು ಹೆದ್ದಾರಿಗೆ ಈ ಕಾರು ಇಳಿಯುವುದಿಲ್ಲ, ಬಸ್ಸಿದೆ, ರೈಲಿದೆ. ಹಿಂದೆ ಕೂತವರೂ ಬೆಲ್ಟ್ ಹಾಕಬೇಕು. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲು, ಯಾಕೆಂದರೆ ಅದು ಗಾಳಿಯ ತೇವ ಹೀರುತ್ತದೆ, ತೇವ ಜಾಸ್ತಿಯಾದರೆ ಇಳಿಜಾರಿನಲ್ಲಿ ಬ್ರೇಕ್ ಬಿಸಿಯಾದಾಗ ಪೆಡಲ್ ಮೆತ್ತಗಾಗುತ್ತದೆ. ಹೊಗೆಯ ವಿಷಯದಲ್ಲೂ 2003ರ ಕಾರು ಈಗಿನ ಬಿಎಸ್-6 ಹೊಗೆ ಮಾನದಂಡದ ಕಾರಿಗೆ ಸಾಟಿಯಲ್ಲ. ಟ್ಯೂನಿಂಗ್ ಸರಿಯಾಗಿ ಇಟ್ಟುಕೊಳ್ಳುವುದು, ಬೇಕಾದಾಗ ಮಾತ್ರ ತೆಗೆಯುವುದು, ಇಷ್ಟು ನಮ್ಮ ಕೈಯಲ್ಲಿದೆ.

ಯಾವಾಗ ಬಿಟ್ಟುಕೊಡಬೇಕು? ಎಂಜಿನ್ ಹೋದರೆ ಹೆದರಬೇಡಿ, ಕಟ್ಟಿಸಬಹುದು. ಸಸ್ಪೆನ್ಷನ್ ಕೂತಿರುವ ಜಾಗ, ಚಾಸಿಯ ಉದ್ದದ ಭಾಗ, ಸೀಟ್ ಬೆಲ್ಟ್ ಬೋಲ್ಟ್ ಹಿಡಿದಿರುವ ತಗಡು, ಇವು ತುಕ್ಕಿಗೆ ಕರಗಿದರೆ ಬಿಟ್ಟುಬಿಡಿ. ಅದರ ಮೇಲೆ ಪೇಂಟ್ ಹೊಡೆಸಿ ಇನ್ನೊಬ್ಬರಿಗೆ ಮಾರಬೇಡಿ. ನೋಂದಾಯಿತ ಸ್ಕ್ರ್ಯಾಪ್ ಕೇಂದ್ರಕ್ಕೆ ಕೊಟ್ಟು ಸರ್ಟಿಫಿಕೇಟ್ ತಗೊಳ್ಳಿ.

ಇನ್ನು ಪ್ರಶ್ನೆಗಳು.

ಮೊದಲ ಪ್ರಶ್ನೆ ಬಂದಿದ್ದು ಪೆಟ್ರೋಲ್ ಬಗ್ಗೆ. ‘ಸಾರ್, ಈಗ ಬಂಕಿನಲ್ಲಿ ಸಿಗೋದು ಇ20. ಹಳೆ ಗಾಡಿ ಹಾಳಾಗುತ್ತೆ ಅಂತಾರೆ, ನಿಜಾನಾ?’

ಭಯವೂ ಬೇಡ, ಅಸಡ್ಡೆಯೂ ಬೇಡ. ಇ20 ಅಂದರೆ ಶೇ. 20 ಎಥನಾಲ್. ಲೀಟರಿಗೆ ಹೋಲಿಸಿದರೆ ಎಥನಾಲ್‌ನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗದಷ್ಟು ಶಕ್ತಿ ಕಮ್ಮಿ. ಹಾಗಾಗಿ ಮೈಲೇಜ್ ಸ್ವಲ್ಪ ಬೀಳುವುದು ಸಹಜ. 2023ರ ಏಪ್ರಿಲ್‌ಗಿಂತ ಮುಂಚಿನ ಬಹಳಷ್ಟು ಕಾರುಗಳ ರಬ್ಬರ್ ಭಾಗಗಳನ್ನು ಇ20ಗೆ ಅಂತ ಮಾಡಿಲ್ಲ. ಕೆಲವು ಹಳೆ ಗಾಡಿಗಳಲ್ಲಿ 20ರಿಂದ 30 ಸಾವಿರ ಕಿಲೋಮೀಟರ್ ಬಳಕೆಯ ನಂತರ ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಾಯಿಸಬೇಕಾಗಬಹುದು ಅಂತ ಕೇಂದ್ರದ ಪೆಟ್ರೋಲಿಯಂ ಸಚಿವಾಲಯವೇ 2025ರಲ್ಲಿ ಹೇಳಿದೆ. ನೀವು ಮಾಡಬೇಕಾದ್ದು, ಪೆಟ್ರೋಲ್ ಪೈಪುಗಳನ್ನು ಈಗಲೇ ಒಳ್ಳೆಯ ಹೊಸ ಪೈಪಿಗೆ ಬದಲಾಯಿಸಿ. ಬಾನೆಟ್ ತೆಗೆದಾಗ ಪೆಟ್ರೋಲ್ ವಾಸನೆ ಬಂದರೆ ಅವತ್ತೇ ಮೆಕ್ಯಾನಿಕ್ ಹತ್ತಿರ ಹೋಗಿ, ಅದು ಬೆಂಕಿಯ ವಿಚಾರ. ಎಥನಾಲ್ ನೀರು ಹೀರುತ್ತದೆ, ಅದಕ್ಕೆ ಗಾಡಿಯನ್ನು ಪೆಟ್ರೋಲ್ ತುಂಬಿಸಿ ತಿಂಗಳುಗಟ್ಟಲೆ ಸುಮ್ಮನೆ ನಿಲ್ಲಿಸಬೇಡಿ.

ಎರಡನೇ ಪ್ರಶ್ನೆ ಕೇಳಿದ್ದು ಒಬ್ಬ ತಾಯಿ. ಮಗನಿಗೆ ಕೆಲಸ ಸಿಕ್ಕಿದೆ, ಕೈಯಲ್ಲಿ ಒಂದೂವರೆ ಲಕ್ಷ ಇದೆ, ಹಳೆ ಕಾರು ನೋಡ್ತಾ ಇದ್ದೇವೆ, ಏನು ನೋಡಬೇಕು ಅಂತ.

ಅಮ್ಮಾ, ಬೆಳಿಗ್ಗೆ ಹೋಗಿ. ಎಂಜಿನ್ ತಣ್ಣಗಿರಬೇಕು. ಮೊದಲೇ ಸ್ಟಾರ್ಟ್ ಮಾಡಿ ಇಟ್ಟಿದ್ದರೆ ವಾಪಸ್ ಬನ್ನಿ, ಇನ್ನೊಂದು ದಿನ ಹೋಗಿ. ತಣ್ಣಗಿದ್ದಾಗ ರೇಡಿಯೇಟರ್ ಕ್ಯಾಪು ತೆಗೆದು ನೋಡಿ. ಒಳಗೆ ಕೂಲಂಟಿನ ಬಣ್ಣ ಇದ್ದರೆ ಆ ಮಾಲೀಕರು ಗಾಡಿ ನೋಡಿಕೊಂಡಿದ್ದಾರೆ ಅಂತ ಅರ್ಧ ನಂಬಬಹುದು. ಕಂದು ನೀರು, ಅಂಚಿನಲ್ಲಿ ಬಿಳಿ ಪುಡಿ ಇದ್ದರೆ ಬೆಲೆ ಇಳಿಸಿ ಕೇಳಿ, ಇಲ್ಲವೇ ಬಿಡಿ. ಆಯಿಲ್ ಮುಚ್ಚಳದ ಒಳಗೆ ಕೆನೆಯಂಥ ಜಿಡ್ಡು ಇದ್ದರೆ ಆಯಿಲ್‌ಗೆ ನೀರು ಸೇರಿರಬಹುದು, ಮೆಕ್ಯಾನಿಕ್‌ಗೆ ತೋರಿಸದೆ ಮುಂದುವರಿಯಬೇಡಿ. ಕಾಲಿನ ಕೆಳಗಿನ ಮ್ಯಾಟು ಎತ್ತಿ ತುಕ್ಕು ನೋಡಿ. ಗೊತ್ತಿರುವ ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡು ಹೋಗಿ, ಅವರ ಅರ್ಧ ದಿನದ ಕೂಲಿ ಕೊಡಿ. ಕೈಯಲ್ಲಿರುವ ಒಂದೂವರೆ ಲಕ್ಷವನ್ನೂ ಕಾರಿಗೇ ಹಾಕಬೇಡಿ. ಒಂದು ಲಕ್ಷ ಚಿಲ್ಲರೆಯದು ನೋಡಿ, ಉಳಿದದ್ದು ಮೊದಲ ವರ್ಷದ ರಿಪೇರಿಗೆ ಇರಲಿ. ಕಾಗದ ಪತ್ರದಲ್ಲಿ ಆರ್‌ಸಿ ಯಾವ ತಾರೀಕಿನವರೆಗೆ ಇದೆ, ಕಟ್ಟದ ಫೈನ್ ಇದೆಯಾ ಅಂತ ನೋಡಿ. ಸಾಲದ ಮೇಲೆ ಕೊಂಡ ಗಾಡಿಯಾಗಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35 ಬೇಕು. ಹೆಸರು ಬದಲಾವಣೆಗೆ ಫಾರಂ 29 ಮತ್ತು 30ಕ್ಕೆ ಮಾರುವವರ ಸಹಿ ಅಲ್ಲೇ ಹಾಕಿಸಿಕೊಳ್ಳಿ. ವಿಮೆಯನ್ನು 14 ದಿನದೊಳಗೆ ಮಗನ ಹೆಸರಿಗೆ ಮಾಡಿಸಿ. ಆರ್‌ಸಿ ಅವನ ಹೆಸರಿಗೆ ಆಗುವವರೆಗೆ ಸ್ವಲ್ಪ ದುಡ್ಡು ಹಿಡಿದುಕೊಂಡಿರಿ, ಪೂರ್ತಿ ಕೊಡಬೇಡಿ.